ಮಾತಿಗಿಂತ ಮೊದಲು ಅಡುಗೆಮನೆ: ಇಸ್ರೇಲಿ ಪ್ರಯಾಣಿಕರ ನಡುವೆ ನಾವಿಬ್ಬರು ಸೇವೆ ಮಾಡುವ ಕ್ರಮ

ಗೋಕರ್ಣದ ಕುಡ್ಲೆ, ಓಂ ಬೀಚುಗಳ ದಂಡೆಯಲ್ಲಿ ನವೆಂಬರಿನಿಂದ ಮಾರ್ಚ್‌ವರೆಗೆ ಓಡಾಡಿದವರಿಗೆ ಹೀಬ್ರೂ ಅಕ್ಷರದ ಮೆನು ಬೋರ್ಡು ಹೊಸತಲ್ಲ. ಇಸ್ರೇಲಿನ ಹುಡುಗ ಹುಡುಗಿಯರು ಹದಿನೆಂಟಕ್ಕೆ ಕಡ್ಡಾಯ ಸೈನ್ಯಸೇವೆಗೆ ಸೇರುತ್ತಾರೆ. ಎರಡು ಮೂರು ವರ್ಷ ಕಳೆದು ಬಿಡುಗಡೆಯಾದ ಮೇಲೆ ಬೆನ್ನಿಗೊಂದು ಚೀಲ ಹಾಕಿಕೊಂಡು ತಿಂಗಳುಗಟ್ಟಲೆ ತಿರುಗುತ್ತಾರೆ. ಅವರ ಬಾಯಲ್ಲಿ ಅದು ‘ದೊಡ್ಡ ಪ್ರಯಾಣ’. ಬೇಸಿಗೆಗೆ ಹಿಮಾಚಲದ ಕಸೋಲ್, ಧರ್ಮಕೋಟ್. ಅಲ್ಲಿ ಚಳಿ ಬಿದ್ದಾಗ ಗೋವಾ, ಗೋಕರ್ಣ, ಹಂಪಿ. ಹಂಪಿಯ ಎದುರು ದಂಡೆಯ ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ ಕೆಡವಿದ ಮೇಲೆ ಆ ಕಡೆಯ ಲೆಕ್ಕ ಬದಲಾಯಿತು.

ನಾವು ಕರಾವಳಿಯ ಒಂದು ಪ್ರೊಟೆಸ್ಟಂಟ್ ಸಭೆಗೆ ಸೇರಿದ ಗಂಡ ಹೆಂಡತಿ. ಈ ಪ್ರಯಾಣಿಕರ ನಡುವೆ ಸುವಾರ್ತಾ ಸೇವೆ ಮಾಡುತ್ತೇವೆ. ಶುಕ್ರವಾರ ಸಂಜೆ ವಾರಕ್ಕೊಂದು ಊಟ, ಕೇಳಿದವರಿಗೆ ಕೇಳಿದಷ್ಟು ಉತ್ತರ. ಹೊರಗಿನಿಂದ ನೋಡಿದರೆ ಇಷ್ಟೇ. ‘ಯೆಹೂದ್ಯರ ನಡುವೆ ಸೇವೆಗೆ ನಮಗೂ ಕರೆ ಇದೆ’ ಎನ್ನುವ ದಂಪತಿಗಳು ಆಗಾಗ ವಿಚಾರಿಸುತ್ತಾರೆ. ನಾವು ಏನು ಮಾಡುತ್ತೇವೆ, ಯಾವ ಅಳತೆಯಲ್ಲಿ ಮಾಡುತ್ತೇವೆ, ಎಲ್ಲಿ ಕೆಡುತ್ತದೆ ಎಂಬುದು ಇಲ್ಲಿದೆ.

ಕರೆಯನ್ನು ಒರೆಗೆ ಹಚ್ಚುವುದು

ದಂಪತಿಯ ಸೇವೆಗೆ ಎಲ್ಲರೂ ಅಕ್ವಿಲ ಮತ್ತು ಪ್ರಿಸ್ಕಿಲ್ಲರನ್ನು ತೋರಿಸುತ್ತಾರೆ. ಅಪೊಸ್ತಲರ ಕೃತ್ಯಗಳು 18ನೆಯ ಅಧ್ಯಾಯದಲ್ಲಿ ಅವರಿಗೆ ಡೇರೆ ಹೊಲಿಯುವ ಕಸುಬಿತ್ತು. ಅಪೊಲ್ಲೋಸನನ್ನು ಜನರೆದುರು ತಿದ್ದದೆ ತಮ್ಮ ಬಳಿಗೆ ಕರೆದುಕೊಂಡು ವಿವರಿಸಿದರು. ಸ್ವಂತ ದುಡಿಮೆ ಮತ್ತು ಮನೆ ಎರಡೂ ಈ ಸೇವೆಗೆ ಬೇಕು. ಆದರೆ ಅಕ್ವಿಲ ಯೆಹೂದ್ಯನಾಗಿದ್ದ, ನಾವಲ್ಲ. ನಮ್ಮಂಥವರಿಗೆ ಬರೆದದ್ದು ರೋಮಾಪುರದವರಿಗೆ ಬರೆದ ಪತ್ರಿಕೆಯ 11ನೆಯ ಅಧ್ಯಾಯ: ನೀನು ಕಾಡುಮರದ ಕೊಂಬೆ, ಊರಮರಕ್ಕೆ ಕಸಿ ಕಟ್ಟಿದ್ದಾರೆ, ಯೆಹೂದ್ಯರೆಂಬ ಮೂಲಕೊಂಬೆಗಳ ಮುಂದೆ ಹೆಚ್ಚಳಪಡಬೇಡ. ಕಾಡುಮಾವಿನ ಬುಡಕ್ಕೆ ಒಳ್ಳೆ ಜಾತಿಯ ಕೊಂಬೆ ಕಟ್ಟುವುದು ನಮ್ಮ ತೋಟಗಳ ಪದ್ಧತಿ. ಪೌಲನು ಬೇಕೆಂದೇ ಅದನ್ನು ತಿರುಗಿಸಿ ಹೇಳಿದ್ದಾನೆ, ಅದು ಸ್ವಭಾವಕ್ಕೆ ವಿರುದ್ಧ ಎಂದೂ ಸೇರಿಸಿದ್ದಾನೆ. ಈ ಅಧ್ಯಾಯ ಮೈಗೆ ಹತ್ತದೆ ಉಳಿದದ್ದನ್ನು ಎಷ್ಟು ಕಲಿತರೂ ಮಾತಿನಲ್ಲಿ ಜಂಬ ಇಣುಕುತ್ತದೆ, ಅತಿಥಿಗೆ ಅದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಕಾರಣವನ್ನು ಗಂಡ ಹೆಂಡತಿ ಬೇರೆ ಬೇರೆ ಹಾಳೆಯಲ್ಲಿ, ಒಬ್ಬರದನ್ನು ಇನ್ನೊಬ್ಬರು ನೋಡದೆ ಬರೆಯಬೇಕು. ಅಂತ್ಯಕಾಲದ ಪ್ರವಾದನೆ, ಯೆರೂಸಲೇಮಿನಲ್ಲಿ ಏಳಬೇಕೆನ್ನುವ ಮೂರನೆಯ ದೇವಾಲಯ, ಅದಕ್ಕೆ ಬೇಕೆನ್ನುವ ಕೆಂಪು ಹಸು, ಇಸ್ರೇಲಿನ ರಾಜಕೀಯ ಇವೇ ಹಾಳೆಯ ಅರ್ಧ ತುಂಬಿದ್ದರೆ ಒಂದು ವರ್ಷ ತಡೆಯುವುದು ಒಳ್ಳೆಯದು. ಅಂಥವರಿಗೆ ಎದುರಿಗಿರುವ ಇಪ್ಪತ್ತೆರಡರ ಹುಡುಗ ಕಾಣಿಸುವುದಿಲ್ಲ, ನಕಾಶೆ ಕಾಣಿಸುತ್ತದೆ. ಒಬ್ಬರಿಗೆ ಮನಸ್ಸಿದ್ದು ಇನ್ನೊಬ್ಬರು ಎಳೆದುಕೊಂಡು ಬಂದವರಾದರೆ ಅದು ಎರಡನೆಯ ಶುಕ್ರವಾರವೇ ಬಡಿಸುವ ಕೈಯಲ್ಲಿ ತಿಳಿಯುತ್ತದೆ. ಸಭಾಪಾಲಕರ ಮತ್ತು ಹಿರಿಯರ ಒಪ್ಪಿಗೆ ಬಾಯಿಮಾತಿಗೆ ಸಾಲದು. ವರ್ಷಕ್ಕೆ ಎರಡು ಸಲ ಕೂತು ಪ್ರಶ್ನೆ ಕೇಳುವವರು ಬೇಕು. ಹಣದ ವಿಷಯ ಸರಳ. ನಾವು ದುಡಿಯುತ್ತೇವೆ, ಎಂಟು ಜನರ ಊಟ ಎರಡು ಸಾವಿರ ರೂಪಾಯಿಯೊಳಗೆ ಮುಗಿಯುತ್ತದೆ, ಹೊರಗಿನ ದೇಣಿಗೆ ಪಡೆಯುವುದಿಲ್ಲ. ಹೊರಗಿನ ಹಣ ಬಂದರೆ ಅದರ ಹಿಂದೆ ‘ಎಷ್ಟು ಜನ?’ ಎಂಬ ಪ್ರಶ್ನೆ ಬರುತ್ತದೆ, ಆ ಪ್ರಶ್ನೆ ಈ ಕೆಲಸವನ್ನು ಕೆಡಿಸುತ್ತದೆ.

ಇನ್ನೊಂದನ್ನು ಮುಚ್ಚಿಡಬಾರದು. ಕ್ರೈಸ್ತರು ತಮ್ಮ ನಡುವೆ ಸುವಾರ್ತೆ ಹೇಳುವುದನ್ನೇ ಬಹುಪಾಲು ಯೆಹೂದ್ಯರು ತಮ್ಮ ಜನಾಂಗದ ಉಳಿವಿನ ಮೇಲಿನ ದಾಳಿ ಎಂದು ನೋಡುತ್ತಾರೆ. ಕ್ರೈಸ್ತರಲ್ಲೂ ಒಮ್ಮತವಿಲ್ಲ. ಯೆಹೂದ್ಯರನ್ನು ಗುರಿಯಾಗಿಟ್ಟ ಸಾಂಸ್ಥಿಕ ಮಿಷನ್ ಕೆಲಸವನ್ನು ಕಥೋಲಿಕ ಸಭೆ ನಡೆಸುವುದೂ ಇಲ್ಲ, ಬೆಂಬಲಿಸುವುದೂ ಇಲ್ಲ ಎಂದು ವ್ಯಾಟಿಕನ್ನಿನ 2015ರ ಪತ್ರ ಸ್ಪಷ್ಟವಾಗಿ ಹೇಳುತ್ತದೆ. ನಾವು ‘ಸುವಾರ್ತೆ ಮೊದಲು ಯೆಹೂದ್ಯರಿಗೆ’ ಎನ್ನುವ ರೋಮಾ 1:16ರ ಮೇಲೆ ನಿಂತು ಬೇರೆ ನಿಲುವಿಗೆ ಬಂದವರು. ಆದರೆ ಎದುರಿನವರ ಆಕ್ಷೇಪವನ್ನು ಅವರಿಗಿಂತ ಚೆನ್ನಾಗಿ ವಿವರಿಸಲು ಬಾರದವರು ಈ ಮೇಜಿಗೆ ಕೂರಬಾರದು ಎಂಬುದು ನಮ್ಮ ನಿಯಮ.

ಮೊದಲ ವರ್ಷ ಯಾರನ್ನೂ ಕರೆಯಬೇಡಿ

ಆ ವರ್ಷ ಓದಬೇಕಾದದ್ದು ಇತಿಹಾಸ. 1096ರಲ್ಲಿ ಶಿಲುಬೆ ಹೊತ್ತ ಗುಂಪುಗಳು ರೈನ್ ನದಿಯ ಊರುಗಳಾದ ವೋರ್ಮ್ಸ್, ಮೈನ್ಸ್‌ಗಳಲ್ಲಿ ಯೆಹೂದ್ಯರನ್ನು ಕೊಂದವು. 1492ರಲ್ಲಿ ಸ್ಪೇನ್ ಅವರನ್ನು ಹೊರದಬ್ಬಿತು. 1543ರಲ್ಲಿ ಪ್ರೊಟೆಸ್ಟಂಟ್ ಪಂಥಕ್ಕೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ ಯೆಹೂದ್ಯರ ಪ್ರಾರ್ಥನಾಮಂದಿರಗಳಾದ ಸಿನಗಾಗ್‌ಗಳನ್ನು ಸುಡಬೇಕೆಂದು ಬರೆದ. ನಾವು ಪ್ರೊಟೆಸ್ಟಂಟರು ಇದನ್ನು ‘ಕಥೋಲಿಕರು ಮಾಡಿದ್ದು’ ಎಂದು ಜಾರಿಸಿಕೊಳ್ಳುವಂತಿಲ್ಲ. ಅರವತ್ತು ಲಕ್ಷ ಜನರ ಕೊಲೆ ನಡೆದದ್ದು ದೀಕ್ಷಾಸ್ನಾನ ಪಡೆದವರ ಖಂಡದಲ್ಲಿ.

ಇದೆಲ್ಲ ಯುರೋಪಿನ ಮಾತಾಯಿತು, ನಮಗೇನು ಎನ್ನುವವರು ಗೋಕರ್ಣದಿಂದ ಉತ್ತರಕ್ಕೆ ಒಂದು ರೈಲು ಹತ್ತಿದರೆ ಸಾಕು. ಗೋವಾದಲ್ಲಿ 1560ರಲ್ಲಿ ಶುರುವಾದ, ಮತಭ್ರಷ್ಟರನ್ನು ವಿಚಾರಿಸುವ ಸಭೆಯ ನ್ಯಾಯಾಲಯವಾದ ಇನ್‌ಕ್ವಿಸಿಷನ್ ಮೊದಲು ಬೆನ್ನು ಹತ್ತಿದವರಲ್ಲಿ ಬಲವಂತಕ್ಕೆ ಕ್ರೈಸ್ತರಾದ ಯೆಹೂದ್ಯ ಮೂಲದವರಿದ್ದರು. ನಮ್ಮ ನೆಲದ ಗಿಡಮೂಲಿಕೆಗಳ ಮೇಲೆ 1563ರಲ್ಲಿ ಗೋವಾದಲ್ಲೇ ಗ್ರಂಥ ಅಚ್ಚು ಹಾಕಿಸಿದ ವೈದ್ಯ ಗಾರ್ಸಿಯಾ ದ ಓರ್ತಾ 1568ರಲ್ಲಿ ತೀರಿಕೊಂಡ. ಮರುವರ್ಷ ಅವನ ತಂಗಿಯನ್ನು ಜೀವಂತ ಸುಟ್ಟರು. 1580ರಲ್ಲಿ ಅವನ ಎಲುಬುಗಳನ್ನು ಗೋರಿಯಿಂದ ತೆಗೆದು ಸುಟ್ಟರು. ಗೋವಾ ದಾಟಿ ಬಂದ ಅತಿಥಿಗೆ ಈ ಕಥೆ ಗೊತ್ತಿದ್ದು ನಮಗೆ ಗೊತ್ತಿಲ್ಲದಿದ್ದರೆ ಅಲ್ಲಿಗೆ ಮಾತು ಮುಗಿಯಿತು.

ನಮ್ಮ ಕಡೆಯ ಇನ್ನೊಂದು ಸಂಗತಿ ಸಮಾಧಾನಕ್ಕೆ ಓದುವಂಥದ್ದು. ಸ್ಕಾಟ್ಲೆಂಡಿನ ಮಿಷನರಿ ಜಾನ್ ವಿಲ್ಸನ್ ಮುಂಬಯಿಯಲ್ಲಿ ಕೊಂಕಣದ ಯೆಹೂದ್ಯರಾದ ಬೆನೆ ಇಸ್ರಾಯೇಲರಿಗಾಗಿ 1832ರಲ್ಲಿ ಮರಾಠಿಯಲ್ಲಿ ಹೀಬ್ರೂ ವ್ಯಾಕರಣ ಬರೆದ. ಅವರು ಹೀಬ್ರೂ ಕಲಿತರು, ಧರ್ಮಶಾಸ್ತ್ರ ಓದಿದರು, ಮೊದಲಿಗಿಂತ ಗಟ್ಟಿ ಯೆಹೂದ್ಯರಾದರು, ಕ್ರೈಸ್ತರಾದವರು ಬೆರಳೆಣಿಕೆ. ಲೆಕ್ಕದ ಪುಸ್ತಕದಲ್ಲಿ ಇದು ಸೋಲು. ನಮಗೆ ಹಾಗೆ ಅನ್ನಿಸುವುದಿಲ್ಲ.

ಹೀಬ್ರೂ ಇಪ್ಪತ್ತೆರಡು ಅಕ್ಷರ. ದಿನಕ್ಕೆ ಅರ್ಧ ಗಂಟೆ ಕೂತರೆ ಎರಡು ತಿಂಗಳಿಗೆ ಓದಲು ಬರುತ್ತದೆ. ಅಂಗಡಿಯ ಬೋರ್ಡುಗಳಲ್ಲಿ ಸ್ವರಚಿಹ್ನೆ ಇರುವುದಿಲ್ಲ, ಅದಕ್ಕೆ ಇನ್ನೆರಡು ತಿಂಗಳು. ಗಂಟಲಿನ ಆಳದಿಂದ ಬರುವ ‘ಖ್’ ನಮ್ಮ ನಾಲಿಗೆಗೆ ಕಷ್ಟ. ಕನ್ನಡದ ‘ಖ’ ಹೇಳಿದರೆ ಅವರಿಗೆ ‘ಕ’ ಎಂದೇ ಕೇಳಿಸುತ್ತದೆ. ಗಂಡಸಿಗೆ ‘ಅತಾ’, ಹೆಂಗಸಿಗೆ ‘ಅತ್’, ಕ್ರಿಯಾಪದವೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಕಲಿಯುವುದು ಹೀಬ್ರೂವಿನಲ್ಲಿ ವಾದ ಮಾಡುವುದಕ್ಕಲ್ಲ, ಅವರು ತಮ್ಮ ತಮ್ಮೊಳಗೆ ಮಾತಾಡುವಾಗ ಸುಮ್ಮನಿರಬೇಕಾದ ಹೊತ್ತು ತಿಳಿಯುವುದಕ್ಕೆ.

ನಾಲಿಗೆಯಿಂದ ತೆಗೆಯಬೇಕಾದ ಪದಗಳು

ಕನ್ನಡ ಕ್ರೈಸ್ತರಿಗೆ ಇಲ್ಲೊಂದು ವಿಶೇಷ ತೊಡಕಿದೆ. ನಾವು ಹುಟ್ಟಿದಾಗಿನಿಂದ ಹೇಳುವ ‘ಯೇಸು’ ಇಸ್ರೇಲಿ ಕಿವಿಗೆ ‘ಯೇಶು’ ಎಂದು ಬೀಳುತ್ತದೆ. ಬೀದಿಯ ಮಾತಿನಲ್ಲಿ ಅದು ಬರೀ ಹೆಸರು. ಆದರೆ ಹಳೆಯ ವಾಗ್ವಾದಗಳಲ್ಲಿ ಅದೇ ಮೂರು ಅಕ್ಷರಗಳನ್ನು ‘ಅವನ ಹೆಸರೂ ನೆನಪೂ ಅಳಿಯಲಿ’ ಎಂಬ ಶಾಪದ ಸಂಕ್ಷೇಪವೆಂದು ಓದಿದ್ದಾರೆ. ಮಾತಿನ ನಡುವೆ ನಾವು ‘ಯೇಶುವಾ’ ಎನ್ನುತ್ತೇವೆ. ‘ಕನ್ನಡದಲ್ಲಿ ಯೇಸು’ ಎಂದು ಒಮ್ಮೆ ತಿಳಿಸಿ ಮುಂದೆ ಹೋಗುತ್ತೇವೆ.

ಇದಕ್ಕಿಂತ ದೊಡ್ಡದು ‘ಯೆಹೋವ’. ನಮ್ಮ ಸತ್ಯವೇದದ ಪುಟಪುಟದಲ್ಲೂ ಇರುವ, ಕೀರ್ತನೆಗಳಲ್ಲಿ ಗಂಟಲೆತ್ತಿ ಹಾಡುವ ಈ ಹೆಸರನ್ನು ಯೆಹೂದ್ಯರು ಉಚ್ಚರಿಸುವುದೇ ಇಲ್ಲ. ಪ್ರಾರ್ಥನೆಯಲ್ಲಿ ‘ಅದೊನಾಯ್’, ಮಾತಿನಲ್ಲಿ ‘ಹಾಶೇಮ್’, ಎಂದರೆ ‘ಆ ಹೆಸರು’. ಊಟಕ್ಕೆ ಮೊದಲು ಕನ್ನಡದಲ್ಲಿ ಪ್ರಾರ್ಥನೆ ಮಾಡುವಾಗ ಅಭ್ಯಾಸಬಲದಿಂದ ‘ಯೆಹೋವನೇ’ ಎಂದು ಬಾಯಿಗೆ ಬರುತ್ತದೆ. ಭಾಷೆ ಗೊತ್ತಿಲ್ಲದಿದ್ದರೂ ಆ ಒಂದು ಪದ ಎಲ್ಲರಿಗೂ ತಿಳಿಯುತ್ತದೆ. ‘ದೇವರೇ’, ‘ಕರ್ತನೇ’ ಎಂದು ಮನೆಯ ಪ್ರಾರ್ಥನೆಯಲ್ಲೂ ರೂಢಿ ಮಾಡಿಕೊಳ್ಳದೆ ಇದು ಬಿಡುವುದಿಲ್ಲ.

‘ಹಳೆಯ ಒಡಂಬಡಿಕೆ’ ಎಂದರೆ ಅವರ ಗ್ರಂಥ ಹಳತಾಯಿತು ಎಂದ ಹಾಗೆ, ‘ತನಖ್’ ಎನ್ನಿ. ‘ಫರಿಸಾಯ’ (ಯೇಸುವಿನ ಕಾಲದ ಒಂದು ಯೆಹೂದ್ಯ ಪಂಥದವನು) ನಮ್ಮ ಪ್ರಸಂಗಗಳಲ್ಲಿ ಕಪಟಿ ಎನ್ನುವ ಬೈಗುಳ. ಯೆಹೂದ್ಯ ಧರ್ಮಗುರುಗಳಾದ ರಬ್ಬಿಗಳ ಪರಂಪರೆ ಫರಿಸಾಯರನ್ನು ತನ್ನ ಪೂರ್ವಿಕರೆಂದು ಎಣಿಸುತ್ತದೆ, ಅಂದರೆ ನಾವು ಅವರ ಅಜ್ಜನನ್ನು ಬೈಯುತ್ತಿದ್ದೇವೆ. ‘ಕ್ರಿಸ್ತ’ ಬದಲು ‘ಮಾಶೀಯಖ್’. ಕನ್ನಡದಲ್ಲಿ ಅಭಿಷಿಕ್ತ, ಅರ್ಥ ಎರಡರಲ್ಲೂ ಒಂದೇ. ‘ಚರ್ಚ್’ ಎಂದಾಗ ಕಣ್ಣಿಗೆ ಬರುವುದು ಶಿಲುಬೆ ಹೊತ್ತ ಕಟ್ಟಡ. ನಮ್ಮ ‘ಸಭೆ’ ಅವರ ‘ಕೆಹಿಲಾ’ಗೆ ಹತ್ತಿರ, ಈ ಒಂದು ಕಡೆ ಕನ್ನಡ ನಮಗೆ ಸಹಾಯಕ್ಕೆ ಬರುತ್ತದೆ. ‘ಮತಾಂತರ’ಕ್ಕೆ ಅವರಲ್ಲಿರುವ ‘ಶ್ಮಾದ್’ ಎಂಬ ಪದದಲ್ಲಿ ನಾಶವೆಂಬ ಅರ್ಥವೇ ಅಡಗಿದೆ. ಇನ್ನು ‘ಯೆಹೂದ್ಯರು ಯೇಸುವನ್ನು ಕೊಂದರು’ ಎಂಬ ಶುಭ ಶುಕ್ರವಾರದ ವಾಕ್ಯ: ಶಿಲುಬೆ ರೋಮ್ ಕೊಡುತ್ತಿದ್ದ ಶಿಕ್ಷೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ಹತ್ತೊಂಬತ್ತು ಶತಮಾನ ಒಂದು ಜನಾಂಗಕ್ಕೆ ಬರೆ ಎಳೆದಿದ್ದೇವೆ.

ಅಡುಗೆಮನೆ

ಪ್ರಯಾಣಿಕರಲ್ಲಿ ಹೆಚ್ಚಿನವರು ‘ಖಿಲೋನಿ’, ಅಂದರೆ ಆಚಾರ ಪಾಲಿಸದವರು. ಬೀಚಿನಲ್ಲಿ ಸಿಗಡಿ ತರಿಸಿ ತಿನ್ನುವವರೂ ಇದ್ದಾರೆ. ಕೆಲವರು ‘ಮಸೊರ್ತಿ’, ಮನೆಯ ಸಂಪ್ರದಾಯ ಅರ್ಧಮರ್ಧ ಇಟ್ಟುಕೊಂಡವರು. ಕೆಲವರು ‘ದಾತಿ’, ಪೂರ್ತಿ ಪಾಲಿಸುವವರು. ಸಸ್ಯಾಹಾರಿಗಳು, ಹಾಲು ಮೊಟ್ಟೆಯನ್ನೂ ಬಿಟ್ಟವರು ಈಚೆಗೆ ಬಹಳ. ಕರೆಯುವಾಗ ನಾವು ಕೇಳುವ ಪ್ರಶ್ನೆ ಒಂದೇ: ನೀವು ಏನು ತಿನ್ನುವುದಿಲ್ಲ?

ನಮ್ಮ ಮನೆ ‘ಕೋಶರ್’ ಎಂದು ಎಂದೂ ಹೇಳುವುದಿಲ್ಲ, ಏಕೆಂದರೆ ಅದು ಸುಳ್ಳು. ಕೋಶರ್ ಎಂದರೆ ಹಂದಿಮಾಂಸ ಬಿಡುವುದಷ್ಟೇ ಅಲ್ಲ. ಯಾವ ಪಾತ್ರೆಯಲ್ಲಿ ಬೆಂದಿತು, ಒಲೆ ಹಚ್ಚಿದವರು ಯಾರು, ದ್ರಾಕ್ಷಾರಸ ಮುಟ್ಟಿದವರು ಯಾರು ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಯೆಹೂದ್ಯರಲ್ಲದವರು ಪೂರ್ತಿ ತಾವೇ ಬೇಯಿಸಿದ ಅಡುಗೆಯನ್ನು ದಾತಿ ಅತಿಥಿ ತಿನ್ನುವುದಿಲ್ಲ. ಯುರೋಪು ಮೂಲದ ಅಶ್ಕೆನಾಜಿ ಪದ್ಧತಿಯಲ್ಲಿ ಯೆಹೂದ್ಯನೊಬ್ಬ ಒಲೆ ಹಚ್ಚಿದರೆ ಸಾಕು. ಸ್ಪೇನ್, ಅರಬ್ ನಾಡುಗಳ ಕಡೆಯ ಸೆಫಾರ್ದಿ ಪದ್ಧತಿಗೆ ಅಷ್ಟು ಸಾಲದು. ಅಂಥವರಿಗೆ ನಾವು ಕೊಡುವುದು ಸಿಪ್ಪೆಸಮೇತ ಬಾಳೆಹಣ್ಣು ಮತ್ತು ಅವರೆದುರೇ ಕೆತ್ತಿದ ಎಳನೀರು. ‘ಸ್ವಲ್ಪವಾದರೂ ತಗೊಳ್ಳಿ’ ಎಂಬ ನಮ್ಮ ಒತ್ತಾಯದ ಉಪಚಾರ ಇಲ್ಲಿ ಹಿಂಸೆ. ಅದನ್ನು ಬಿಡುವುದು ಅಮ್ಮಂದಿರ ಕೈಯಲ್ಲಿ ಬೆಳೆದ ನಮಗೆ ಎಲ್ಲಕ್ಕಿಂತ ಕಷ್ಟದ ಪಾಠ.

ಉಳಿದವರಿಗಾಗಿ ಮಾಡಿಕೊಂಡ ಏರ್ಪಾಡು ಹೀಗಿದೆ. ಒಂದು ಬೀಗದ ಕಪಾಟಿನಲ್ಲಿ ಈ ಊಟಕ್ಕೆ ಮಾತ್ರ ಮೀಸಲಾದ ಸ್ಟೀಲಿನ ಮೂರು ಪಾತ್ರೆ, ಎರಡು ಚಾಕು, ಒಂದು ದೋಸೆ ಕಾವಲಿ, ಸೌಟುಗಳು. ಹಿಡಿಗೆ ನೀಲಿ ಬಣ್ಣ ಬಳಿದಿದ್ದೇವೆ, ಮನೆಯ ಮೀನು ಸಾರಿನ ಪಾತ್ರೆಯೊಂದಿಗೆ ಬೆರೆಯಬಾರದೆಂದು. ತಟ್ಟೆಗೆ ಅಡಿಕೆ ಹಾಳೆ ಅಥವಾ ಬಾಳೆ ಎಲೆ. ಹಳೆಯ ತಟ್ಟೆಯ ಪ್ರಶ್ನೆಯೇ ಬರುವುದಿಲ್ಲ, ತೊಳೆಯುವ ಕೆಲಸವೂ ಇಲ್ಲ. ಮಾಂಸವನ್ನೂ ಹಾಲನ್ನೂ ಒಟ್ಟಿಗೆ ತಿನ್ನಬಾರದೆಂಬ ನಿಯಮ ಎಲ್ಲರಿಗೂ ಗೊತ್ತು. ಮೀನಿನ ಜತೆ ಹಾಲು ಬೇಡವೆನ್ನುವ ಮನೆತನಗಳೂ ಇವೆ. ಆದ್ದರಿಂದ ಮಾಂಸವನ್ನೂ ಹಾಲು, ತುಪ್ಪ, ಬೆಣ್ಣೆ, ಮೊಸರನ್ನೂ ಒಟ್ಟಿಗೇ ಕೈಬಿಟ್ಟೆವು. ತೆಂಗಿನಹಾಲು, ತೆಂಗಿನೆಣ್ಣೆ ಇರುವ ಊರಲ್ಲಿ ಇದರಿಂದ ಯಾವ ಕೊರತೆಯೂ ಆಗುವುದಿಲ್ಲ.

ಮೀನಿಗೆ ರೆಕ್ಕೆಯೂ ಪೊರೆಯೂ ಇರಬೇಕು. ಬಂಗಡೆ, ತಾರ್ಲೆ, ಇಸ್ವಾಣ ಆಗುತ್ತವೆ. ಸಿಗಡಿ, ಏಡಿ, ಬೊಂಡಾಸ್, ಚಿಪ್ಪಿನವು, ಶಾರ್ಕ್ ಆಗುವುದಿಲ್ಲ. ಮೀನು ತುಂಡು ಮಾಡಿಸಿ ತರಬೇಡಿ. ಪೊರೆ ಕಣ್ಣಿಗೆ ಕಂಡರೇ ನಂಬಿಕೆ, ಆದ್ದರಿಂದ ಇಡೀ ಮೀನು ತಂದು ಚರ್ಮಸಮೇತ ಬೇಯಿಸುತ್ತೇವೆ. ಪೇಟೆಯಲ್ಲಿ ಸಿಗಡಿ ಕತ್ತರಿಸಿದ ಕತ್ತಿಯೇ ಇದನ್ನೂ ಕತ್ತರಿಸುತ್ತದೆ ಎಂಬುದು ಇನ್ನೊಂದು ಕಾರಣ. ಸೊಪ್ಪಿನಲ್ಲಿ ಹುಳ ಇರಬಾರದು, ಅದೂ ಧರ್ಮಶಾಸ್ತ್ರದ ಮಾತು. ಹೂಕೋಸು ತರುವುದಿಲ್ಲ, ಬಸಳೆಯ ಎಲೆ ಅಗಲ, ನುಣುಪು, ಒಂದೊಂದೇ ಬೆಳಕಿಗೆ ಹಿಡಿದು ನೋಡಬಹುದು. ಮೊಟ್ಟೆಯನ್ನು ಒಂದೊಂದಾಗಿ ಗಾಜಿನ ಲೋಟಕ್ಕೆ ಒಡೆಯಿರಿ, ರಕ್ತದ ಚುಕ್ಕೆ ಇದ್ದರೆ ಚೆಲ್ಲಿ.

ಎಂಟು ಜನರಿಗೆ ನೀರುದೋಸೆಗೆ 600 ಗ್ರಾಂ ಅಕ್ಕಿ, ಒಂದು ದೊಡ್ಡ ತೆಂಗಿನಕಾಯಿ. ಮೂವತ್ತರ ಮೇಲೆ ದೋಸೆ ಬರುತ್ತವೆ. ಜತೆಗೆ ಸುಟ್ಟ ಬದನೆಕಾಯಿ ಗೊಜ್ಜು (ಸುಟ್ಟ ಬದನೆ ಅವರ ಮನೆಗಳಲ್ಲೂ ದಿನನಿತ್ಯದ್ದು), ಸೌತೆಕಾಯಿ ಹುಳಿ, ಕೊನೆಗೆ ತೆಂಗಿನಹಾಲಿನ ಹೆಸರುಬೇಳೆ ಪಾಯಸ. ಹಮ್ಮಸ್ ಮಾಡಲು ಹೋಗಬೇಡಿ. ಬೀಚಿನ ಹತ್ತು ಅಂಗಡಿಗಳಲ್ಲಿ ಕೆಟ್ಟ ಹಮ್ಮಸ್ ತಿಂದು ಬಂದವರಿಗೆ ಹನ್ನೊಂದನೆಯದು ಬೇಕಿಲ್ಲ.

ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ರಾತ್ರಿವರೆಗಿನ ವಿಶ್ರಾಂತಿದಿನವಾದ ಸಬ್ಬತ್ತಿನ ಜಡೆ ರೊಟ್ಟಿ ‘ಖಲ್ಲಾ’ ಎರಡು ಬೇಕು. ಎರಡೇ ಏಕೆಂದರೆ ಅರಣ್ಯದಲ್ಲಿ ಸಬ್ಬತ್ತಿನ ಹಿಂದಿನ ದಿನ ಆಕಾಶದ ಆಹಾರವಾದ ಮನ್ನ ಇಮ್ಮಡಿ ಬೀಳುತ್ತಿತ್ತು. ಅಳತೆ: ಮೈದಾ 500 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 7 ಗ್ರಾಂ, ಸಕ್ಕರೆ 50 ಗ್ರಾಂ, ಉಪ್ಪು 9 ಗ್ರಾಂ, ಮೊಟ್ಟೆ 2, ಎಣ್ಣೆ 60 ಮಿ.ಲೀ., ಉಗುರುಬೆಚ್ಚಗಿನ ನೀರು 160 ಮಿ.ಲೀ. ಹೊರದೇಶದ ಪಾಕವಿಧಾನಗಳಲ್ಲಿ ನೀರು ಇನ್ನೂ ಹೆಚ್ಚು ಇರುತ್ತದೆ. ನಮ್ಮ ಮೈದಾ ಅಷ್ಟು ಹೀರುವುದಿಲ್ಲ, ಜಡೆ ಹೆಣೆದರೆ ಒಲೆಯಲ್ಲಿ ಹರಡಿ ಚಪ್ಪಟೆಯಾಗುತ್ತದೆ. ಹತ್ತು ನಿಮಿಷ ನಾದಿ. ಕರಾವಳಿಯ ಸೆಕೆಗೆ ಒಂದು ಗಂಟೆಯಲ್ಲೇ ಇಮ್ಮಡಿಯಾಗುತ್ತದೆ. ಎರಡು ಗಂಟೆ ಬಿಟ್ಟರೆ ಹುಳಿವಾಸನೆ. ಎರಡು ಭಾಗ, ಒಂದೊಂದಕ್ಕೆ ಮೂರು ಎಳೆ, ಜಡೆ ಹೆಣೆದು ಇನ್ನು 35 ನಿಮಿಷ. ಮೇಲೆ ಮೊಟ್ಟೆ ಬಳಿದು 180 ಡಿಗ್ರಿಯಲ್ಲಿ 25ರಿಂದ 30 ನಿಮಿಷ. ಹಾಲು ಬೆಣ್ಣೆ ಹಾಕಬಾರದು. ಓವನ್ ಸ್ವಿಚ್ಚನ್ನು ಅತಿಥಿಯೊಬ್ಬರು ಬೇಗ ಬಂದು ಒತ್ತಿದರೆ ಕೆಲವರಿಗೆ ತಿನ್ನಲು ಹಾದಿಯಾಗುತ್ತದೆ.

ದ್ರಾಕ್ಷಾರಸ ಅಥವಾ ದ್ರಾಕ್ಷಿ ಜ್ಯೂಸನ್ನು ನಾವು ತೆರೆಯುವುದಿಲ್ಲ, ಸುರಿಯುವುದಿಲ್ಲ. ಯೆಹೂದ್ಯರಲ್ಲದವರು ಮುಟ್ಟಿದ್ದು ಪಾಲಿಸುವವರಿಗೆ ನಿಷಿದ್ಧ. ಸೀಲಿರುವ ಬಾಟಲಿ ಅವರೇ ತರಲಿ, ಅವರೇ ತೆರೆಯಲಿ.

ಶುಕ್ರವಾರ ಸಂಜೆ

ದೀಪ ಹಚ್ಚುವುದು ಸೂರ್ಯಾಸ್ತಕ್ಕೆ 18 ನಿಮಿಷ ಮೊದಲು. ಗೋಕರ್ಣದಲ್ಲಿ ಡಿಸೆಂಬರ್ ನಡುವಿನಲ್ಲಿ ಸೂರ್ಯ ಮುಳುಗುವುದು ಆರು ದಾಟಿ ಐದು ಹತ್ತು ನಿಮಿಷಕ್ಕೆ, ಫೆಬ್ರವರಿ ಕೊನೆಗೆ ಆರೂವರೆ ದಾಟಿ. ಅಡುಗೆ ಐದಕ್ಕೆ ಮುಗಿದಿರಬೇಕು. ನೀರುದೋಸೆಯೂ ಆಗಲೇ ಹೊಯ್ದು ಬಾಳೆ ಎಲೆಯಲ್ಲಿ ಸುತ್ತಿಟ್ಟಿರಬೇಕು. ಬಿಸಿಬಿಸಿ ಹೊಯ್ದು ಬಡಿಸುವ ಆಸೆ ಅಂದು ಬೇಡ, ಸಬ್ಬತ್ತಿನಲ್ಲಿ ಅಡುಗೆ ನಿಷಿದ್ಧ. ಬಚ್ಚಲಮನೆಯ ದೀಪ ಹಾಕಿಯೇ ಬಿಡಿ. ಪಾಲಿಸುವವರು ಸ್ವಿಚ್ ಒತ್ತುವುದಿಲ್ಲ, ಕೇಳುವುದಕ್ಕೂ ಸಂಕೋಚ. ಟಿಶ್ಯೂ ಕಾಗದ ಹರಿದು ಜೋಡಿಸಿಡಿ, ಹರಿಯುವುದೂ ಕೆಲಸವೇ. ಫೋನ್ ನಂಬರ್ ಬರೆದುಕೊಳ್ಳುವುದು, ಫೋಟೊ ತೆಗೆಯುವುದು ಇಲ್ಲ. ಹೆಂಗಸರಿಗೆ ಗಂಡಸರು ಕೈ ಚಾಚಬೇಡಿ. ನಮ್ಮ ನಮಸ್ಕಾರ ಇಲ್ಲಿ ಚೆನ್ನಾಗಿ ಒದಗುತ್ತದೆ.

ಆರು ಅತಿಥಿಗಳು, ನಾವಿಬ್ಬರು. ಏಳನೆಯವರನ್ನು ಮುಂದಿನ ವಾರಕ್ಕೆ ಕರೆಯುತ್ತೇವೆ, ಹತ್ತು ದಾಟಿದರೆ ಅದು ಮೇಜಲ್ಲ, ಕೂಟ. ಕರೆಯುವಾಗಲೇ ಹೇಳುವ ಮಾತು ಇಷ್ಟು: ‘ನಾವು ಕ್ರೈಸ್ತರು, ಯೇಶುವಾ ಮಾಶೀಯಖ್ ಎಂದು ನಂಬುವವರು. ಶುಕ್ರವಾರ ಊಟಕ್ಕೆ ಬನ್ನಿ. ಆ ವಿಷಯ ಮಾತಾಡಲೇಬೇಕೆಂದಿಲ್ಲ.’ ಇದನ್ನು ಮುಚ್ಚಿಟ್ಟು ಕರೆದು ಪಾಯಸದ ಹೊತ್ತಿಗೆ ಬಿಚ್ಚುವುದು ಮೋಸ. ಆಮೇಲೆ ಆ ಮೋಸದ ಸುದ್ದಿ ಕಸೋಲ್ ತನಕ ಹೋಗುತ್ತದೆ. ಪ್ರಯಾಣಿಕರ ಗುಂಪುಗಳಲ್ಲಿ ಗುಟ್ಟು ನಿಲ್ಲುವುದಿಲ್ಲ. ಹೀಗೆ ಹೇಳಿದ ಮೇಲೆ ಕರೆದವರಲ್ಲಿ ಅರ್ಧದಷ್ಟು ಜನ ಬರುವುದಿಲ್ಲ. ಬರದಿರಲಿ.

ದ್ರಾಕ್ಷಾರಸದ ಮೇಲಿನ ಆಶೀರ್ವಾದವಾದ ಕಿದ್ದುಶ್, ದೀಪದ ಆಶೀರ್ವಾದ ಅವರದು. ಅವರಲ್ಲಿ ಯಾರಾದರೂ ಹೇಳಿದರೆ ಎದ್ದು ನಿಂತು ಕೇಳುತ್ತೇವೆ. ಯಾರಿಗೂ ಬೇಡವಾದರೆ ಹಾಗೇ ಊಟ. ನಾವೇ ಶಾಲು ಹೊದ್ದು, ಕೊಂಬು ಊದಿ, ಹೀಬ್ರೂ ಆಶೀರ್ವಾದ ಹೇಳಿ ಯೆಹೂದ್ಯರಂತೆ ವೇಷ ಕಟ್ಟುವುದಿಲ್ಲ. ಸಭೆಗಳಲ್ಲಿ ಈಚೆಗೆ ಈ ಗೀಳು ಹೆಚ್ಚುತ್ತಿದೆ, ನೋಡುವವರಿಗೆ ಅದು ಅಜ್ಜಿಯ ಸೀರೆ ಕದ್ದುಟ್ಟ ಹಾಗೆ. ಪಸ್ಕದ ಊಟವನ್ನೂ ನಾವಾಗಿ ನಡೆಸುವುದಿಲ್ಲ. ಅತಿಥಿಗಳೇ ಮಾಡುವುದಾದರೆ ಅಂಗಳ ಕೊಡುತ್ತೇವೆ, ಇಂಗಿನ ಡಬ್ಬಿ ಅಂದು ಅಡುಗೆಮನೆಯಿಂದ ಹೊರಗೆ; ಅಂಗಡಿಯ ಕೂಟು ಇಂಗಿನಲ್ಲಿ ಗೋಧಿ ಹಿಟ್ಟು ಬೆರೆತಿರುತ್ತದೆ, ಪಸ್ಕದಲ್ಲಿ ಅದು ಸಲ್ಲದು. ಹನುಕ್ಕಾ ಹಬ್ಬ ಗೋಕರ್ಣದ ಸೀಸನ್ನಿಗೇ ಬರುತ್ತದೆ. 2026ರಲ್ಲಿ ಮೊದಲ ದೀಪ ಡಿಸೆಂಬರ್ 4ರ ಶುಕ್ರವಾರ ಸಂಜೆ, ಅಂದು ಹನುಕ್ಕಾ ದೀಪ ಮೊದಲು, ಸಬ್ಬತ್ ದೀಪ ಆಮೇಲೆ. ಎಂಟು ರಾತ್ರಿಗೆ ಒಟ್ಟು 44 ಮೇಣದ ಬತ್ತಿ. ಯೇಶುವಾ ಆ ಹಬ್ಬದಲ್ಲಿ ದೇವಾಲಯದಲ್ಲಿ ನಡೆದಾಡಿದ್ದು ಯೋಹಾನ 10:22-23ರಲ್ಲಿದೆ. ಯಾರಾದರೂ ಕೇಳಿದರೆ ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ.

ಸೈನ್ಯದಲ್ಲಿ ಏನು ಮಾಡಿದಿರಿ ಎಂದು ಕೇಳಬೇಡಿ. 2023ರ ಅಕ್ಟೋಬರ್ 7ರ ನಂತರ ಬಂದವರ ಹೆಗಲ ಮೇಲೆ ಏನಿದೆಯೋ ಗೊತ್ತಿರುವುದಿಲ್ಲ. ದೀಪಾವಳಿಯ ವಾರ ಊಟಕ್ಕೆ ಕರೆಯುವುದಿಲ್ಲ, ಪಟಾಕಿಗೆ ಬೆಚ್ಚುವವರು ಇರುತ್ತಾರೆ. ಗಾಜಾ ಬಗ್ಗೆ ನಮ್ಮ ಅಭಿಪ್ರಾಯ ಯಾರೂ ಕೇಳಿರುವುದಿಲ್ಲ, ನಾವೂ ಹೇಳುವುದಿಲ್ಲ.

ಇಬ್ಬರಿರುವುದು ಇಲ್ಲೇ ಉಪಯೋಗಕ್ಕೆ ಬರುವುದು. ಒಬ್ಬರು ಮಾತಾಡಿದರೆ ಇನ್ನೊಬ್ಬರು ಮುಖ ನೋಡುತ್ತಾರೆ. ಮಾತು ಉದ್ದವಾಯಿತು, ಯಾರಿಗೋ ಉಸಿರು ಕಟ್ಟುತ್ತಿದೆ ಅನ್ನಿಸಿದರೆ ‘ನೀರು ಬೇಕಾ?’ ಎಂದು ಕನ್ನಡದಲ್ಲಿ ಕೇಳುವುದು ನಮ್ಮ ಸಂಕೇತ. ಕೇಳಿಸಿಕೊಂಡವರು ಆ ವಾಕ್ಯ ಮುಗಿಸಿ ನಿಲ್ಲಿಸಬೇಕು. ಹೆಣ್ಣುಮಕ್ಕಳು ಒಬ್ಬರೇ ಮಾತಾಡಲು ಬಂದರೆ ಮನೆಯಾಕೆಯೇ ಕೂರುವುದು, ಹುಡುಗರ ಜತೆ ಗಂಡ. ಅತಿಥಿಗಳೆದುರು ಗಂಡ ಹೆಂಡತಿ ಒಬ್ಬರನ್ನೊಬ್ಬರು ತಿದ್ದುವುದಿಲ್ಲ. ಎಲ್ಲ ಶನಿವಾರ ರಾತ್ರಿಗೆ.

ಪುಸ್ತಕ ತೆರೆದಾಗ

ತನಖ್ ಮೂರು ಭಾಗ: ತೋರಾ, ಪ್ರವಾದಿಗಳು, ಬರಹಗಳು. ದಾನಿಯೇಲನು ಪ್ರವಾದಿಗಳ ಭಾಗದಲ್ಲಿಲ್ಲ, ಬರಹಗಳಲ್ಲಿದ್ದಾನೆ. ಗ್ರಂಥ ಮುಗಿಯುವುದು ಮಲಾಕಿಯದಿಂದಲ್ಲ, ಪೂರ್ವಕಾಲವೃತ್ತಾಂತದಿಂದ. ವಚನಗಳ ಸಂಖ್ಯೆಯೂ ಬೇರೆ. ನಮ್ಮ ಯೆಶಾಯ 9:6 ಅವರಲ್ಲಿ 9:5. ಮೀಕ 5:2 ಅಲ್ಲಿ 5:1. ಯೋವೇಲ 2:28 ಅಲ್ಲಿ 3:1. ಯೆರೆಮೀಯ 31:31 ಹಲವು ಹೀಬ್ರೂ ಮುದ್ರಣಗಳಲ್ಲಿ 31:30. ಮಲಾಕಿಯನ 4ನೆಯ ಅಧ್ಯಾಯವೇ ಅಲ್ಲಿಲ್ಲ, 3ರಲ್ಲಿ ಸೇರಿದೆ. ತಲೆಬರಹವಿರುವ ಅನೇಕ ಕೀರ್ತನೆಗಳಲ್ಲಿ ಒಂದು ವಚನ ಮುಂದೆ ಹೋಗುತ್ತದೆ. ಈ ಪಟ್ಟಿ ಬಾಯಿಪಾಠ ಇಲ್ಲದೆ ‘ನಿಮ್ಮ ಗ್ರಂಥದಲ್ಲೇ ಇದೆ ನೋಡಿ’ ಎಂದರೆ ಅವರು ನೋಡುತ್ತಾರೆ, ಅಲ್ಲಿ ಬೇರೇನೋ ಇರುತ್ತದೆ.

ಇತರರಿಗಾಗಿ ನೋವುಣ್ಣುವ ಸೇವಕನೊಬ್ಬನನ್ನು ವರ್ಣಿಸುವ ಯೆಶಾಯ 53ರ ಬಗ್ಗೆ ಒಂದು ಎಚ್ಚರಿಕೆ. ‘ರಬ್ಬಿಗಳು ಬಚ್ಚಿಟ್ಟ ಅಧ್ಯಾಯ’ ಎಂದು ಹೇಳುವ ರೂಢಿಯಿದೆ. ಅದು ಪ್ರತಿ ಹೀಬ್ರೂ ಗ್ರಂಥದಲ್ಲಿದೆ. ವಾರದ ಪಾಠಕ್ರಮದಲ್ಲಿ ಒಂದು ವಾರ 52:12ಕ್ಕೆ ನಿಂತು ಮುಂದಿನದು 54:1ರಿಂದ ಶುರುವಾಗುವುದು ನಿಜ, ಆದರೆ ಪ್ರವಾದಿಗಳ ಬಹುಭಾಗ ಆ ಪಾಠಕ್ರಮದಲ್ಲಿ ಇಲ್ಲವೇ ಇಲ್ಲ. ಸೇವಕ ಎಂದರೆ ಇಸ್ರಾಯೇಲ್ ಜನಾಂಗ ಎಂದು ‘ರಾಶಿ’ ಎಂಬ ಹೆಸರಿನ ಫ್ರಾನ್ಸಿನ ರಬ್ಬಿ (1040–1105) ಬರೆದ. 41:8, 49:3 ಅದಕ್ಕೆ ಆಧಾರ. ರಬ್ಬಿಗಳ ಚರ್ಚೆಗಳ ಗ್ರಂಥವಾದ ತಾಲ್ಮುದಿನ ಸನ್ಹೆದ್ರಿನ್ ಭಾಗದ 98ನೆಯ ಹಾಳೆಯಲ್ಲಿ 53:4ನ್ನು ಮಾಶೀಯಖನಿಗೆ ಹೊಂದಿಸಿದ್ದೂ ಇದೆ. ಎರಡನ್ನೂ ಹೇಳಿ, ನಾವು ಏಕೆ ಯೇಶುವಾನನ್ನು ಅಲ್ಲಿ ಕಾಣುತ್ತೇವೆ ಎಂದು ಹೇಳಿ, ಅಲ್ಲಿಗೆ ಬಿಡುತ್ತೇವೆ. ಹೀಬ್ರೂ ಓದುವವರೇ ಗಟ್ಟಿಯಾಗಿ ಓದಲಿ, ನಾವು ಕೇಳುತ್ತೇವೆ. ‘ಮಾಶೀಯಖ್ ಬಂದಿದ್ದರೆ ಲೋಕದಲ್ಲಿ ಶಾಂತಿ ಎಲ್ಲಿ?’ ಎಂಬುದು ಎಲ್ಲರ ಪ್ರಶ್ನೆ. ಒಮ್ಮೆ ಬಂದವನು ಮತ್ತೆ ಬರುತ್ತಾನೆಂಬ ಎರಡು ಬರೋಣಗಳ ನಮ್ಮ ಉತ್ತರ ಅವರಿಗೆ ಸಾಲಕ್ಕೆ ವಾಯಿದೆ ಕೇಳಿದ ಹಾಗೆ ಕೇಳಿಸುತ್ತದೆಂದು ತಿಳಿದೇ ಹೇಳಬೇಕು.

ಹೀಬ್ರೂ ಹೊಸ ಒಡಂಬಡಿಕೆ ಕಪಾಟಿನಲ್ಲಿರುತ್ತದೆ, ಮೇಜಿನ ಮೇಲಲ್ಲ. ಕೇಳಿದವರಿಗೆ ಒಂದು ಪ್ರತಿ. ಫ್ರಾನ್ಜ್ ಡೆಲಿಚ್ 1877ರಲ್ಲಿ ಮಾಡಿದ ಅನುವಾದ ಸುಂದರ, ಆದರೆ ಇಂದಿನವರಿಗೆ ಅದು ನಮಗೆ ನಡುಗನ್ನಡ ಓದಿದ ಹಾಗೆ. ಆಧುನಿಕ ಹೀಬ್ರೂವಿನದನ್ನು ಕೊಡಿ.

ಕಾನೂನು, ಗುಟ್ಟು, ಮತ್ತೆ ಕಪಾಟು

ವಿದೇಶಿಯರನ್ನು ರಾತ್ರಿ ಉಳಿಸಿಕೊಂಡರೆ 24 ಗಂಟೆಯೊಳಗೆ ನೋಂದಣಿ ಅಧಿಕಾರಿಗೆ ವಿವರ ಸಲ್ಲಿಸಬೇಕು. ನಾವು ಉಳಿಸಿಕೊಳ್ಳುವುದೇ ಇಲ್ಲ, ಊಟ ಮಾತ್ರ. ಪ್ರವಾಸಿ ವೀಸಾದಲ್ಲಿ ಬಂದವರಿಂದ ಪ್ರಸಂಗ ಮಾಡಿಸುವುದಿಲ್ಲ. ಆಮಿಷ ಒಡ್ಡಿ ಮತ ಬದಲಿಸುವುದರ ವಿರುದ್ಧ ನಮ್ಮ ಹಲವು ರಾಜ್ಯಗಳಲ್ಲಿ ಕಾನೂನಿದೆ. ಇಸ್ರೇಲಿನಲ್ಲೂ 1977ರಿಂದ ಇದೆ, ಹಣ ಅಥವಾ ವಸ್ತುವಿನ ಲಾಭ ಕೊಟ್ಟು ಮತ ಬದಲಿಸಲು ಪ್ರೇರೇಪಿಸಿದರೆ ಐದು ವರ್ಷದವರೆಗೆ ಜೈಲು. ಅಲ್ಲಿ ವೃದ್ಧರ ಆರೈಕೆಗೆಂದು ಹೋಗಿರುವ ಮಂಗಳೂರು, ಉಡುಪಿ ಕಡೆಯವರು ಈ ಸಾಲನ್ನು ಎರಡು ಸಲ ಓದಿ. ಕಾನೂನು ಹಾಗಿರಲಿ, ಎದ್ದು ಓಡಾಡಲಾರದ, ನಿಮ್ಮ ಕೈಯಿಂದ ಗಂಜಿ ಕುಡಿಯುವ ಅಜ್ಜಿಯ ಎದುರು ಸುವಾರ್ತೆ ಎತ್ತುವುದು ಸೇವೆಯಲ್ಲ. ಅವರೇ ಕೇಳಿದರೆ ಒಂದು ವಾಕ್ಯ ಸಾಕು.

ಮನೆಯ ವಿಳಾಸವನ್ನು ಗುಂಪುಗಳಲ್ಲಿ ಹಾಕುವುದಿಲ್ಲ, ಕರೆದವರಿಗೆ ಒಬ್ಬೊಬ್ಬರಿಗೇ ಕಳಿಸುತ್ತೇವೆ. 2008ರ ನವೆಂಬರಿನಲ್ಲಿ ಮುಂಬಯಿಯ ನಾರಿಮನ್ ಹೌಸಿನಲ್ಲಿ ರಬ್ಬಿ ಗೇಬ್ರಿಯಲ್ ಹೋಲ್ಟ್ಸ್‌ಬರ್ಗ್ ಮತ್ತು ಅವರ ಹೆಂಡತಿ ರಿವ್ಕಾ ಕೊಲೆಯಾದದ್ದು ಪ್ರಯಾಣಿಕರಿಗೆ ಬಾಗಿಲು ತೆರೆದಿಟ್ಟ ಮನೆಯಲ್ಲೇ. ಇಸ್ರೇಲಿಗಳು ಸೇರುವ ಜಾಗ ಎಂಬ ಬೋರ್ಡು, ಬಾವುಟ ಇಲ್ಲ. ಊರಿನವರಿಂದ ಮುಚ್ಚಿಡುವುದೂ ಇಲ್ಲ. ನೆರೆಮನೆಗಳಿಗೆ ಶುಕ್ರವಾರದ ಊಟ ಗೊತ್ತು. ಮಹಾಬಲೇಶ್ವರನ ರಥಬೀದಿಯ ಕಡೆ ಈ ಕೆಲಸಕ್ಕಾಗಿ ಕಾಲಿಡುವುದಿಲ್ಲ. ಅದು ಇನ್ನೊಬ್ಬರ ಪುಣ್ಯಕ್ಷೇತ್ರ.

ಹೆಸರು, ಫೋಟೊ, ಸಂಖ್ಯೆ ಯಾವ ವರದಿಗೂ ಹೋಗುವುದಿಲ್ಲ. ಅತಿಥಿ ಹುಡುಗಿಯೊಬ್ಬಳ ಫೋಟೊ ಅವಳ ಊರಲ್ಲಿ ಕಂಡರೆ ತಂದೆ ತಾಯಿಗೆ ಮಗಳು ಕೈಬಿಟ್ಟುಹೋದ ಹಾಗೆ. ನಂಬಿಕೆಗೆ ಬಂದೆ ಎನ್ನುವವರಿಗೆ ಕುಡ್ಲೆಯ ಅಲೆಯಲ್ಲಿ ದೀಕ್ಷಾಸ್ನಾನ ಕೊಡುವುದಿಲ್ಲ. ಪ್ರಯಾಣದ ಅಮಲು ಇಳಿಯಲಿ, ಮನೆಗೆ ಹೋಗಿ ಮೂರು ತಿಂಗಳಾಗಲಿ, ಅಲ್ಲಿನ ಹೀಬ್ರೂ ಮಾತಾಡುವ ಮೆಸ್ಸಿಯಾನಿಕ್ (ಯೇಶುವಾನನ್ನು ನಂಬುವ ಯೆಹೂದ್ಯರ) ಸಭೆಯ ಹಿರಿಯರು ಮನೆಯವರ ವಿಷಯವೂ ಕೇಳಿ ತೀರ್ಮಾನಿಸಲಿ. ಇದರ ಬೆಲೆ ಸಣ್ಣದಲ್ಲ. ಯೇಶುವಾನನ್ನು ನಂಬುವ ಯೆಹೂದ್ಯರು, ಯಾವ ದೇಶದ ಯೆಹೂದ್ಯರಿಗೂ ಇಸ್ರೇಲಿನಲ್ಲಿ ನೆಲೆಸಲು ಇರುವ ‘ಹಿಂತಿರುಗುವ ಹಕ್ಕಿ’ನ ಮೇಲೆ ಪೌರತ್ವ ಕೇಳುವಂತಿಲ್ಲ ಎಂದು ಇಸ್ರೇಲಿನ ಸುಪ್ರೀಂ ಕೋರ್ಟು 1989ರಲ್ಲಿ ತೀರ್ಪು ಕೊಟ್ಟಿದೆ. ಅಲ್ಲೇ ಹುಟ್ಟಿದವರ ಪೌರತ್ವಕ್ಕೆ ಇದರಿಂದ ಧಕ್ಕೆಯಿಲ್ಲ, ಆದರೆ ತಮ್ಮವರು ತಮ್ಮನ್ನು ಏನೆಂದು ಎಣಿಸುತ್ತಾರೆ ಎಂಬುದು ತೀರ್ಪಿನಲ್ಲಿ ಕಾಣುತ್ತದೆ. ನಾವು ಇದನ್ನು ಮೊದಲೇ ತಿಳಿಸುತ್ತೇವೆ.

ಏಪ್ರಿಲ್ ಬಂದರೆ ಬೀಚು ಖಾಲಿ. ನೀಲಿ ಹಿಡಿಯ ಪಾತ್ರೆಗಳನ್ನು ಬಿಸಿಲಿಗೆ ಒಣಗಿಸಿ, ಕಾವಲಿಗೆ ಎಣ್ಣೆ ಸವರಿ ಕಾಗದ ಸುತ್ತಿ, ಹಾಳೆತಟ್ಟೆಗಳನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮುಚ್ಚಿಡಬೇಕು. ಜೂನ್ ಮಳೆಗೆ ಬೂಷ್ಟು ಹಿಡಿದ ಹಾಳೆತಟ್ಟೆ ತೊಳೆದರೂ ವಾಸನೆ ಬಿಡುವುದಿಲ್ಲ. ಮಿಕ್ಕ ಯೀಸ್ಟನ್ನು ಇಟ್ಟುಕೊಳ್ಳಬೇಡಿ, ನವೆಂಬರಿಗೆ ಹೊಸದನ್ನು ತನ್ನಿ.